ಗುಡ್ಡಕ್ಕೆ ಕುರಿಯೂ ಬೇಕು

ಸಾರ್ವಜನಿಕ ಗುಡ್ಡಕ್ಕೆ ಬೇಲಿ ಹಾಕಿ ಕುರಿಯನ್ನು ಹೊರಗಟ್ಟಿದರೆ ಜೀವಸಂಕುಲ ಉಳಿಯಿತೆಂದು ಬಗೆಯುವವರಿದ್ದಾರೆ. ನಾವು ಇದನ್ನು ಒಪ್ಪೆವು. ದಕ್ಷಿಣ ಇಂಗ್ಲೆಂಡಿನ ಸೀಮೆಸುಣ್ಣದ ಗುಡ್ಡಗಳನ್ನು ನೋಡಿರಿ. ಅಲ್ಲಿ ತೆಳುಮಣ್ಣು, ಗಿಡ್ಡ ಹುಲ್ಲು; ಒಂದು ಚದರ ಮೀಟರಿನಲ್ಲಿ 40 ಬಗೆಯ ಸಸ್ಯಗಳಿರುವುದೂ ಉಂಟು. ಕುರಿಮಂದೆಗಳು ಮೊದಲೇ ಕಡಿಮೆಯಾಗಿದ್ದವು; 1953ರಲ್ಲಿ ಬಂದ ರೋಗಕ್ಕೆ ಮೊಲಗಳೂ ಸತ್ತವು. ಮೇಯುವ ಬಾಯಿಲ್ಲದೆ ಹುಲ್ಲು ಎತ್ತರ ಬೆಳೆಯಿತು, ಮುಳ್ಳುಪೊದೆ ಹಬ್ಬಿತು. ಗಿಡ್ಡ ಹುಲ್ಲನ್ನೇ ನಂಬಿದ್ದ ನೀಲಿ ಚಿಟ್ಟೆಗಳು ಕ್ಷೀಣಿಸಿದವು.

ಈಗ ಬ್ರೈಟನ್ ನಗರಸಭೆಯು ತನ್ನ ಗುಡ್ಡಗಳಿಗೆ ಕುರಿ ಬಿಡಿಸುತ್ತಿದೆ. ಊರವರೇ ಸ್ವಯಂಸೇವಕರಾಗಿ ಮಂದೆಯ ಮೇಲೆ ಕಣ್ಣಿಡುತ್ತಾರೆ. ಆದರೆ ವರುಷವಿಡೀ ಮೇಯಿಸಿದರೆ ಹೂವು ಬೀಜ ಕಟ್ಟದು. ಗೊಬ್ಬರ ಚೆಲ್ಲಿದರೆ ಒರಟು ಹುಲ್ಲೇ ಗೆಲ್ಲುವುದು. ಕಾಲವರಿತು, ಮಿತವರಿತು ಮೇಯಿಸಬೇಕು. ಆದುದರಿಂದ ಇಂಥ ಗುಡ್ಡಗಳಿಗೆ ಬೇಲಿಯ ಖರ್ಚನ್ನು ಮಂಜೂರು ಮಾಡುವವರು ಕುರಿಗಾಹಿಯ ಕೂಲಿಯನ್ನೂ ಮಂಜೂರು ಮಾಡಲಿ ಎಂಬುದೇ ನಮ್ಮ ಅಭಿಮತ.