ಲಾಂಛನವೋ, ಕಲಸುಮೇಲೋಗರವೋ?

ಊಟದ ಡಬ್ಬಿಯ ವ್ಯಾಪಾರ ಶುರುಮಾಡುವ ನಮ್ಮ ಹುಡುಗ-ಹುಡುಗಿಯರು ಮೊದಲು ಲೋಗೋ ಮಾಡಿಸುತ್ತಾರೆ. ಒಳ್ಳೆಯದೇ. ಆದರೆ ಅದರೊಳಗೆ ಬಾಳೆಎಲೆ, ದೀಪ, ಗಂಡಭೇರುಂಡ, ಅಜ್ಜಿಯ ಮುಖ ಎಲ್ಲವೂ ಬೇಕು! ಕಂಪ್ಯೂಟರಿನಲ್ಲಿ ಚೆಂದ, ಡಬ್ಬಿಯ ಮುಚ್ಚಳದ ಚೀಟಿಯಲ್ಲಿ ಬರೀ ಮಸಿಯ ಕಲೆ. ಅಚ್ಚು ಹಾಕಿಸಿದ ದುಡ್ಡು ನೀರಿನಲ್ಲಿ ಹೋಮ.

ಸ್ಟೇಟ್ ಬ್ಯಾಂಕಿನ ಗುರುತು ನೋಡಿ. 1971ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಶೇಖರ್ ಕಾಮತ್ ರೂಪಿಸಿದ್ದು. ನೀಲಿ ವೃತ್ತ, ನಡುವೆ ಪುಟ್ಟ ಬಿಳಿ ಬೊಟ್ಟು, ಅಲ್ಲಿಂದ ಕೆಳಕ್ಕೊಂದು ಸೀಳು. ಅಷ್ಟೇ. ಓದು ಬಾರದವರಿಗೂ ಅದು ಬೀಗದ ಕಿಂಡಿಯಂತೆ ಕಾಣುತ್ತದೆ. ಚೆಕ್ಕಿನ ಮೂಲೆಯಲ್ಲೂ ಅದೇ, ರಸ್ತೆಯಾಚೆಯ ಬೋರ್ಡಿನಲ್ಲೂ ಅದೇ. ಬಣ್ಣ ತೆಗೆದರೂ ಗುರುತು ಸಿಗುತ್ತದೆ.

ಹೆಸರನ್ನು ಕನ್ನಡದಲ್ಲಿ ಬರೆಸಿದರೆ ನನಗಂತೂ ಇನ್ನೂ ಸಂತೋಷ. ಒತ್ತಕ್ಷರಗಳು ಮಾತ್ರ ಚಿಕ್ಕದಾದಾಗ ಮಸಿ ತುಂಬಿಕೊಳ್ಳುತ್ತವೆ, ಸ್ವಲ್ಪ ಬಿಡಿಸಿ ಬರೆಸಿ.

ಅಚ್ಚಿಗೆ ಕೊಡುವ ಮೊದಲು ಹೆಬ್ಬೆರಳಿನ ಉಗುರಿನಷ್ಟು ಮಾಡಿ, ಕಪ್ಪು-ಬಿಳುಪಿನಲ್ಲಿ ಮನೆಯವರಿಗೆ ತೋರಿಸಿ. "ಇದೇನೋ ಇದು?" ಎಂದರೆ ಒಂದೊಂದೇ ಚಿತ್ರ ತೆಗೆಯುತ್ತ ಬನ್ನಿ. ಅಜ್ಜಿಯಿಂದಲೇ ಶುರುಮಾಡಿ, ಅವರು ಬೇಜಾರು ಮಾಡಿಕೊಳ್ಳುವುದಿಲ್ಲ.