ಲೆಕ್ಕಕ್ಕೆ ಬಾರದ ನಿರುದ್ಯೋಗ

ನಮ್ಮ ಅವಳಿ ನಗರದ ಮಧ್ಯಮ ವರ್ಗಕ್ಕೆ ಉದ್ಯೋಗವೆಂದರೆ ಬಹುಕಾಲ ಎರಡು ಬಗೆಯದಾಗಿತ್ತು: ಹುಬ್ಬಳ್ಳಿಯಲ್ಲಿ ರೈಲ್ವೆ ಕಾರ್ಖಾನೆ, ಧಾರವಾಡದಲ್ಲಿ ಶಾಲೆ, ಕಾಲೇಜು, ಕಚೇರಿ. ಹಾಜರಿ ಪುಸ್ತಕದಲ್ಲಿ ಒಮ್ಮೆ ಹೆಸರು ಸೇರಿತೆಂದರೆ ನಿವೃತ್ತಿಯ ದಿನದವರೆಗೆ ಅದು ಅಳಿಯದೆಂಬ ಭರವಸೆ ಎರಡರಲ್ಲಿಯೂ ಇತ್ತು. ಆ ಭರವಸೆಯ ನೆರಳಿನಲ್ಲಿ ಬೆಳೆದ ನಾವು, ಮೂರನೆಯ ಬಗೆಯ ಉದ್ಯೋಗವೊಂದು ನಮ್ಮ ಮನೆಗಳೊಳಗೇ ಬಂದು ನೆಲೆಸಿ, ಈಗ ಸದ್ದಿಲ್ಲದೆ ಎದ್ದು ಹೋಗುತ್ತಿರುವುದನ್ನು ಸರಿಯಾಗಿ ಗಮನಿಸಿಲ್ಲವೆಂದು ನನಗೆ ತೋರುತ್ತದೆ. ಸಾಫ್ಟ್‌ವೇರ್ ಕ್ಷೇತ್ರದ ಗುತ್ತಿಗೆ ನೌಕರರ ಮಾತನ್ನು ಹೇಳುತ್ತಿದ್ದೇನೆ.

ಗುತ್ತಿಗೆ ನೌಕರನೆಂದರೆ ದೊಡ್ಡ ಕಂಪನಿಯ ಕೆಲಸವನ್ನು ಮಾಡಿಯೂ ಆ ಕಂಪನಿಯ ನೌಕರನಾಗದವನು. ಅಮೆರಿಕೆಯ ವಿಮಾ ಸಂಸ್ಥೆಯೊಂದು ನಮ್ಮ ದೇಶದ ಕಂಪನಿಗೆ ಕೆಲಸವನ್ನೊಪ್ಪಿಸುತ್ತದೆ; ಆಳು ಸಾಲದಾದಾಗ ಆ ಕಂಪನಿ ಆಳು ಒದಗಿಸುವ ಸಂಸ್ಥೆಯನ್ನು ಕೇಳುತ್ತದೆ; ಆ ಸಂಸ್ಥೆ ತನಗಿಂತ ಚಿಕ್ಕದಾದ ಇನ್ನೊಂದನ್ನು ಕೇಳುತ್ತದೆ. ಪ್ರತಿಯೊಂದು ಕೈಯೂ ತನ್ನ ಪಾಲನ್ನು ಹಿಡಿದುಕೊಂಡ ಮೇಲೆ ಉಳಿದದ್ದು ಕೆಲಸ ಮಾಡುವವನಿಗೆ. 2020ರ ಮಹಾಮಾರಿಯ ಕಾಲಕ್ಕೆ ಬೆಂಗಳೂರು, ಪುಣೆಗಳಿಂದ ಮನೆಗೆ ಮರಳಿದ ಎಷ್ಟೋ ತರುಣರು ವಿದ್ಯಾನಗರದ ಮಾಳಿಗೆಯ ಮೇಲೆ, ಸಪ್ತಾಪುರದ ಪಡಸಾಲೆಯಲ್ಲಿ ಕುಳಿತು ಇಂಥ ಕೆಲಸವನ್ನು ನಡೆಸಿದರು. ಮಗ ಕಣ್ಣ ಮುಂದಿದ್ದಾನೆಂಬ ಸಂತೋಷದಲ್ಲಿ ಅವನ ನೌಕರಿಯ ಕರಾರುಪತ್ರವನ್ನು ಓದಿದ ತಂದೆತಾಯಿಗಳು ಕಡಿಮೆ.

ನನಗೆ ಪರಿಚಯವಿದ್ದ ಅಂಥ ಒಬ್ಬ ತರುಣನ ಕಥೆ ಇದು. ಸಾಫ್ಟ್‌ವೇರನ್ನು ಪರೀಕ್ಷಿಸಿ ದೋಷ ಹುಡುಕುವುದು ಅವನ ಕೆಲಸ. ಆರು ತಿಂಗಳ ಕರಾರು ಐದು ಸಲ ನವೀಕರಣಗೊಂಡಿತು. ಕೊನೆಯ ಅವಧಿಯಲ್ಲಿ, ತಾನು ಮಾಡುವ ಪರೀಕ್ಷೆಯ ಒಂದೊಂದು ಹೆಜ್ಜೆಯನ್ನೂ ವಿವರವಾಗಿ ಬರೆದಿಡಬೇಕೆಂದು ಅವನಿಗೆ ಆಜ್ಞೆಯಾಯಿತು. ನಿಷ್ಠೆಯಿಂದ ಬರೆದಿಟ್ಟ. ಆ ಬರಹವನ್ನು ಆಧರಿಸಿ ಕೃತಕ ಬುದ್ಧಿಮತ್ತೆಯ ಯಂತ್ರವು ಪರೀಕ್ಷೆಗಳನ್ನು ತಾನೇ ರಚಿಸತೊಡಗಿತು. ಆರನೆಯ ನವೀಕರಣ ಬರಲಿಲ್ಲ. ರೈಲ್ವೆ ಕಾರ್ಖಾನೆಯಿಂದ ನಿವೃತ್ತರಾದ ತಂದೆ, “ತಗದು ಹಾಕಿದರೇನು?” ಎಂದು ಕೇಳಿದರಂತೆ. “ಇಲ್ಲ, ಮುಗೀತು” ಎಂದನಂತೆ ಮಗ. ತೆಗೆದು ಹಾಕುವುದೆಂದರೆ ನೋಟೀಸು, ವಿಚಾರಣೆ, ಯೂನಿಯನ್ನಿನ ಮನವಿ ಇವೆಲ್ಲವನ್ನೂ ಬಲ್ಲ ಆ ಹಿರಿಯರಿಗೆ, ಯಾರೂ ತೆಗೆಯದೆಯೇ ಹೋಗುವ ಕೆಲಸದ ಅರ್ಥ ಇಂದಿಗೂ ಆಗಿಲ್ಲ.

ಹಾಗಾದರೆ ಅಪರಾಧಿ ಈ ಹೊಸ ಯಂತ್ರವೇ? ಅರ್ಧ ಮಾತ್ರ ಎಂದು ನನ್ನ ಎಣಿಕೆ. 2021 ಮತ್ತು 2022ರಲ್ಲಿ ಕಂಪನಿಗಳು ಅಳತೆ ಮೀರಿ ನೇಮಕ ಮಾಡಿಕೊಂಡವು. 2022ರ ಮಾರ್ಚಿನಲ್ಲಿ ಸೊನ್ನೆಯ ಸಮೀಪದಲ್ಲಿದ್ದ ಅಮೆರಿಕೆಯ ಬಡ್ಡಿಯ ದರ 2023ರ ಜುಲೈ ಹೊತ್ತಿಗೆ ಶೇಕಡಾ 5ನ್ನು ಮೀರಿತು. ಅಲ್ಲಿಯ ಗಿರಾಕಿಗಳು ಕೈ ಬಿಗಿ ಹಿಡಿದರು. ಚಾಟ್‌ಜಿಪಿಟಿ ಜಗತ್ತಿಗೆ ಕಾಣಿಸಿಕೊಂಡದ್ದು 2022ರ ನವೆಂಬರಿನಲ್ಲಿ, ಅಂದರೆ ಮಾರುಕಟ್ಟೆ ಆಗಲೇ ಇಳಿಮುಖವಾದಾಗ. ಆ ಬಳಿಕ ಯಂತ್ರವು ಪರೀಕ್ಷೆಯ ರಚನೆ, ದೂರುಗಳಿಗೆ ಉತ್ತರ, ಹಳೆಯ ಪ್ರೋಗ್ರಾಮನ್ನು ಹೊಸ ಭಾಷೆಗೆ ತಿರುಗಿಸುವಿಕೆ ಮೊದಲಾದ ಕೆಳಮೆಟ್ಟಿಲ ಕೆಲಸಗಳನ್ನು ನಿಜವಾಗಿಯೂ ಕಲಿತಿತು. “ಯಂತ್ರದಿಂದ ನಿಮಗೆ ಶ್ರಮ ಉಳಿಯಿತಲ್ಲ, ದರವನ್ನಿಳಿಸಿರಿ” ಎಂದು ಗಿರಾಕಿ ಕೇಳತೊಡಗಿದ. ಆಳಿನ ತಲೆಯೆಣಿಕೆಯಿಂದ, ಗಂಟೆಯ ಲೆಕ್ಕದಿಂದ ಹಣ ಪಡೆಯುತ್ತಿದ್ದ ವ್ಯಾಪಾರಕ್ಕೆ ಇದು ದೊಡ್ಡ ಪೆಟ್ಟು. ಆ ಪೆಟ್ಟನ್ನು ಎಲ್ಲರಿಗಿಂತ ಮೊದಲು ತಿನ್ನುವವನು ಗುತ್ತಿಗೆಯವನೇ. ಏಕೆಂದರೆ ಅವನನ್ನು ಬಿಡುವುದಕ್ಕೆ ಏನನ್ನೂ ಮಾಡಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು.

ಕಾಯಂ ನೌಕರನ ಸಂಕಟಕ್ಕೆ ಒಂದು ಸದ್ದಾದರೂ ಇದೆ. 2025ರ ಜುಲೈಯಲ್ಲಿ ಟಿಸಿಎಸ್ ಕಂಪನಿ ತನ್ನ ನೌಕರರಲ್ಲಿ ಸುಮಾರು ಶೇಕಡಾ 2ರಷ್ಟು, ಎಂದರೆ 12,000ಕ್ಕೂ ಮಿಕ್ಕ ಜನರನ್ನು ಕಡಿಮೆ ಮಾಡುವುದಾಗಿ ಸಾರಿತು. ಇದಕ್ಕೆ ಕೃತಕ ಬುದ್ಧಿಮತ್ತೆ ಕಾರಣವಲ್ಲವೆಂದು ಅದರ ಮುಖ್ಯಸ್ಥರು ಹೇಳಿದರು, ನೌಕರರ ಸಂಘಗಳು ಪ್ರತಿಭಟಿಸಿದವು, ಪತ್ರಿಕೆಗಳು ಚರ್ಚಿಸಿದವು. ನಮ್ಮ ಹುಬ್ಬಳ್ಳಿಯಲ್ಲೇ, ಬಹುಕಾಲ ಬಾಗಿಲು ತೆರೆಯದಿದ್ದ ಇನ್ಫೋಸಿಸ್ ಆವರಣವು 2022ರಲ್ಲಿ ಕೆಲಸ ಆರಂಭಿಸಿದ ಮೇಲೆ, ಬೇರೆಡೆಯ ತನ್ನ ನೌಕರರು ಇಲ್ಲಿಗೆ ಬರಲೆಂದು ಆ ಕಂಪನಿ 2024ರಲ್ಲಿ ದರ್ಜೆಗನುಸಾರವಾಗಿ 8 ಲಕ್ಷ ರೂಪಾಯಿಗಳವರೆಗೆ ಪ್ರೋತ್ಸಾಹಧನವನ್ನು ಮುಂದಿಟ್ಟಿತು. ಕಾಯಂ ನೌಕರನನ್ನು ಹಣ ಕೊಟ್ಟು ಕರೆತರಬೇಕಾದ ಊರಿನಲ್ಲಿಯೇ, ಕರೆಯುವವರಿಲ್ಲದೆ ಗುತ್ತಿಗೆಯ ತರುಣ ಮನೆಯಲ್ಲಿ ಕುಳಿತಿರುತ್ತಾನೆ. ಅವನ ಕರಾರು ಮುಗಿದ ದಿನವನ್ನು ಯಾವ ಕಂಪನಿಯೂ ಸಾರುವುದಿಲ್ಲ.

ಯಂತ್ರಕ್ಕೂ ನಿಯಮಕ್ಕೂ ಇರುವ ಸಂಬಂಧವನ್ನರಿಯಲು ನಾವು ದೂರ ಹೋಗಬೇಕಾಗಿಲ್ಲ; ಹುಬ್ಬಳ್ಳಿಯ ಬೆಂಗೇರಿಗೆ ಹೋದರೆ ಸಾಕು. 1957ರಲ್ಲಿ ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಅಲ್ಲಿ ರಾಷ್ಟ್ರಧ್ವಜವನ್ನು ತಯಾರಿಸುತ್ತದೆ. ನೂಲುವವರಲ್ಲಿ, ಹೊಲಿಯುವವರಲ್ಲಿ ಹೆಂಗಸರೇ ಹೆಚ್ಚು. ಪಾಲಿಯೆಸ್ಟರ್ ಬಟ್ಟೆಯೂ ಅದನ್ನು ನೇಯುವ ಯಂತ್ರವೂ ದಶಕಗಳಿಂದ ಲೋಕದಲ್ಲಿದ್ದವು; ಆದರೂ ಈ ಹೆಂಗಸರ ಕೈಯ ಕೆಲಸವನ್ನು ಅವು ಮುಟ್ಟಿರಲಿಲ್ಲ, ಏಕೆಂದರೆ ಧ್ವಜಸಂಹಿತೆ ಅಡ್ಡವಾಗಿತ್ತು. 2021ರ ಡಿಸೆಂಬರ್ 30ರಂದು ಆ ಸಂಹಿತೆಗೆ ತಿದ್ದುಪಡಿಯಾಗಿ ಯಂತ್ರದ ಧ್ವಜಕ್ಕೂ ಪಾಲಿಯೆಸ್ಟರಿಗೂ ಅನುಮತಿ ದೊರೆಯಿತು. ಮುಂದಿನ ವರ್ಷವೇ ಬೆಂಗೇರಿಯ ಕೆಲಸಗಾರರು ಪ್ರತಿಭಟನೆಗೆ ಇಳಿಯಬೇಕಾಯಿತು. ಆ ವರ್ಷ ಹೊಸದಾಗಿ ಹುಟ್ಟಿದ ಯಂತ್ರ ಯಾವುದೂ ಇರಲಿಲ್ಲ. ಬದಲಾದದ್ದು ಕಾಗದದ ಮೇಲಿನ ಒಂದು ವಾಕ್ಯ. ಕೈಮಗ್ಗದ ಧ್ವಜಕ್ಕೂ ಸಾಫ್ಟ್‌ವೇರಿಗೂ ಹೋಲಿಕೆಯೇನೆಂದು ನಗುವವರಿರಬಹುದು. ಯಂತ್ರದ ಲಾಭ ಯಾರಿಗೆ, ನಷ್ಟ ಯಾರಿಗೆ ಎಂಬುದನ್ನು ಯಂತ್ರವೇ ನಿರ್ಧರಿಸುವುದಿಲ್ಲ, ಮನುಷ್ಯರು ಬರೆದ ನಿಯಮ ಹಾಗೂ ಕರಾರುಗಳು ನಿರ್ಧರಿಸುತ್ತವೆ ಎಂಬಷ್ಟರ ಮಟ್ಟಿಗೆ ಹೋಲಿಕೆ ಪೂರ್ಣವಾಗಿದೆ.

ಈಗ ನಿಯಮಗಳೂ ಹೊಸದಾಗಿವೆ. ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ನಿಶ್ಚಿತ ಅವಧಿಗೆ ನೇಮಕಗೊಂಡ ನೌಕರನಿಗೆ ಒಂದು ವರ್ಷದ ಸೇವೆಗೇ ಗ್ರ್ಯಾಚ್ಯುಯಿಟಿಯ ಹಕ್ಕು ದೊರೆತಿದೆ, ಇದು ಸ್ವಾಗತಾರ್ಹ. ಆದರೆ ಗುತ್ತಿಗೆ ಕಾರ್ಮಿಕರಿಗೆ ಸಂಬಂಧಿಸಿದ ನಿಬಂಧನೆಗಳು ಅನ್ವಯಿಸಲು ಇರಬೇಕಾದ ಸಂಖ್ಯೆಯನ್ನು 1970ರ ಕಾಯಿದೆಯ 20ರಿಂದ 50ಕ್ಕೆ ಏರಿಸಲಾಗಿದೆ. ಇನ್ನು ಕರಾರಿನಲ್ಲಿ ‘ನೌಕರ’ನೆಂದು ಬರೆಯದೆ ‘ಸಲಹೆಗಾರ’ನೆಂದು ಬರೆಯಿಸಿಕೊಂಡವನು ತನ್ನ ಹಕ್ಕಿಗಾಗಿ ಮೊದಲು ತಾನು ನೌಕರನೆಂಬುದನ್ನೇ ಸಾಧಿಸಿ ತೋರಿಸಬೇಕಾಗುತ್ತದೆ. ಗೌರವದ ಹೆಸರಿನಿಂದ ಹಕ್ಕನ್ನು ಕಸಿಯುವ ಈ ಜಾಣ್ಮೆ ಯಾವ ಯಂತ್ರದ್ದೂ ಅಲ್ಲ.

ಯಂತ್ರವನ್ನು ತಡೆಯಬೇಕೆಂದು ನಾನು ವಾದಿಸುವವನಲ್ಲ. ದೋಷ ಹುಡುಕುವ ಬೇಸರದ ದುಡಿಮೆಯನ್ನು ಅದು ಹಗುರ ಮಾಡುವುದಾದರೆ ಒಳ್ಳೆಯದೇ. ಆದರೆ ತನ್ನ ತಿಳಿವಳಿಕೆಯನ್ನು ಬರೆದುಕೊಟ್ಟು ಯಂತ್ರಕ್ಕೆ ಕಲಿಸಿದವನಿಗೆ ಅದರಿಂದಾದ ಉಳಿತಾಯದಲ್ಲಿ, ಬೇರೇನೂ ಅಲ್ಲದಿದ್ದರೂ, ಮೂರು ತಿಂಗಳ ಮುನ್ಸೂಚನೆ ಹಾಗೂ ಹೊಸ ವಿದ್ಯೆ ಕಲಿಯುವ ವೆಚ್ಚ ದೊರೆಯುವುದು ನ್ಯಾಯ. ಮುಗಿದು ಹೋದ ಕರಾರುಗಳ ಎಣಿಕೆಯನ್ನು ಸರಕಾರ ಇಡುವುದು ಅದಕ್ಕೂ ಮೊದಲಿನ ಕೆಲಸ. ಎಣಿಸದ ಕಷ್ಟಕ್ಕೆ ಪರಿಹಾರವನ್ನು ಯಾರು ಯೋಚಿಸುವರು?

ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕರಿಗೂ ಒಂದು ಮಾತು. ಉದ್ಯೋಗ ದೊರೆತವರ ಪಟ್ಟಿಯನ್ನು ಫಲಕದಲ್ಲಿ ಹಾಕುವಾಗ, ಅದರಲ್ಲಿ ಕಾಯಂ ಎಷ್ಟು, ಗುತ್ತಿಗೆ ಎಷ್ಟು ಎಂಬುದನ್ನೂ ಬರೆಯಿರಿ. ಪ್ರೋಗ್ರಾಮನ್ನು ಓದಲು ಕಲಿಸುವಂತೆ ಕರಾರುಪತ್ರವನ್ನು ಓದಲೂ ಕಲಿಸಿರಿ. ಆ ನಿವೃತ್ತ ರೈಲ್ವೆ ನೌಕರರು ಮಗನಿಗೆ ಕೇಳಿದ ಪ್ರಶ್ನೆಯನ್ನು, ಸಹಿ ಹಾಕುವ ಮೊದಲೇ ಕೇಳಬಲ್ಲ ವಿದ್ಯಾರ್ಥಿಯನ್ನು ನಾವು ಸಿದ್ಧಗೊಳಿಸಬೇಕಾಗಿದೆ.