ಅಡಿಗೆಯ ಮನೆ: ಬೆಳ್ಳುಳ್ಳಿ ಬೆಣ್ಣೆ

ಬ್ರೆಡ್ಡಿಗೆ ಹಚ್ಚತಕ್ಕ ಬೆಳ್ಳುಳ್ಳಿ ಬೆಣ್ಣೆಯ ಕ್ರಮವನ್ನು ಬರೆಯಬೇಕೆಂದು ಈ ಪುಟವನ್ನು ತಪ್ಪದೆ ಓದುವ ಸೋದರಿಯರಲ್ಲಿ ಕೆಲವರು ಕೇಳಿರುವರು. ಬೆಳ್ಳುಳ್ಳಿಯನ್ನು ಜಜ್ಜಿ ಬೆಣ್ಣೆಗೆ ಕಲಸಿದರೆ ಮುಗಿಯಿತಲ್ಲ, ಇದರಲ್ಲಿ ಬರೆಯುವುದೇನಿದೆ ಎಂದು ಮೂಗು ಮುರಿಯುವವರೂ ಉಂಟು. ಮಾಡುವುದೇನೋ ಸುಲಭವೇ ಸರಿ. ಆದರೆ ಮಾಡಿದುದನ್ನು ಇಟ್ಟುಕೊಳ್ಳುವ ವಿಷಯದಲ್ಲಿ ತಿಳಿದಿರಲೇಬೇಕಾದ ಒಂದು ಸಂಗತಿಯಿರುವುದರಿಂದ ಈ ತಿಂಗಳ ಪುಟವನ್ನೆಲ್ಲ ಇದಕ್ಕೇ ಮೀಸಲಾಗಿಟ್ಟಿರುವೆವು.

ಮೊದಲು ಬೆಣ್ಣೆಯ ಮಾತು. ಅಂಗಡಿಯಲ್ಲಿ ದೊರೆಯುವ ಉಪ್ಪುಬೆಣ್ಣೆಯಲ್ಲಿ ನೂರಕ್ಕೆ 80 ಭಾಗಕ್ಕೆ ಕಡಮೆಯಾಗದಂತೆ ಕೊಬ್ಬೂ, 16 ಭಾಗಕ್ಕೆ ಮೀರದಂತೆ ನೀರೂ ಇರಬೇಕೆಂದು ನಮ್ಮ ದೇಶದ ಆಹಾರದ ಕಟ್ಟಳೆಯು ವಿಧಿಸಿದೆ. ಮನೆಯಲ್ಲಿ ಕಡೆದ ಬೆಣ್ಣೆಗೆ ಇಂತಹ ಕಟ್ಟಳೆಯಿಲ್ಲ; ಕಡೆದವರ ಕೈಯೇ ಅಳತೆ. ಅದರಲ್ಲಿ ಮಜ್ಜಿಗೆಯ ಅಂಶ ಉಳಿದಿದ್ದರೆ ಬೆಣ್ಣೆ ಎರಡೇ ದಿನಕ್ಕೆ ಹುಳಿ ನಾತ ಹೊಡೆಯುವುದಲ್ಲದೆ, ಬೆಳ್ಳುಳ್ಳಿಯನ್ನು ಕಲಸಿದಾಗ ನೀರು ಬಿಟ್ಟುಕೊಂಡು ಬ್ರೆಡ್ಡನ್ನು ತೊಯ್ಯಿಸುವುದು. ಆದುದರಿಂದ ಬೆಣ್ಣೆಯನ್ನು ತಣ್ಣೀರಿನಲ್ಲಿ ಮೂರು ನಾಲ್ಕು ಸಲ, ತೊಳೆದ ನೀರು ತಿಳಿಯಾಗುವವರೆಗೂ ತೊಳೆದು, ಮರದ ಸೌಟಿನಿಂದ ತಟ್ಟೆಯ ಅಂಚಿಗೆ ಒತ್ತಿ ಒತ್ತಿ ನೀರನ್ನು ಬಸಿಯಬೇಕು. ಹೀಗೆ ಸಿದ್ಧಪಡಿಸಿದ ಮನೆಯ ಬೆಣ್ಣೆಯ ರುಚಿಗೆ ಅಂಗಡಿಯ ಬೆಣ್ಣೆ ಸರಿಗಟ್ಟಲಾರದೆಂಬುದು ನಮ್ಮ ಅಭಿಪ್ರಾಯ.

ಬೆಣ್ಣೆ ಮೆತ್ತಗಿರಬೇಕೇ ಹೊರತು ಕರಗಿರಕೂಡದು. ಒಲೆಯ ಬಳಿಯಿಟ್ಟು ಕರಗಿಸಿಬಿಟ್ಟರೆ ಅದರೊಳಗಿನ ನೀರೂ ಕೊಬ್ಬೂ ಬೇರೆಯಾಗಿ, ಮತ್ತೆ ಗಟ್ಟಿಯಾದಾಗ ಹರಳು ಹರಳಾಗುವುದು. ಹಿಂದಿನ ನುಣುಪು ಮರಳಿ ಬಾರದು. ಮಲೆನಾಡಿನ ಚಳಿಯಲ್ಲಿ ಒಂದು ಗಂಟೆ ಹೊರಗಿಟ್ಟರೆ ಹದಕ್ಕೆ ಬರುವ ಬೆಣ್ಣೆ ರಾಯಚೂರು, ಕಲಬುರಗಿಗಳ ಬೇಸಗೆಯಲ್ಲಿ ಕಣ್ಣೆದುರಿಗೇ ಎಣ್ಣೆಯಾಗುವುದು. ಅಲ್ಲಿಯವರು ಬಟ್ಟಲನ್ನು ತಣ್ಣೀರಿನ ಪಾತ್ರೆಯಲ್ಲಿಟ್ಟುಕೊಂಡು ಕಲಸುವುದು ಲೇಸು.

ಇನ್ನು ಬೆಳ್ಳುಳ್ಳಿ. ಇಡಿಯ ಗೆಡ್ಡೆಯನ್ನು ಮೂಸಿದರೆ ಅಷ್ಟೇನೂ ವಾಸನೆಯಿರುವುದಿಲ್ಲ. ಜಜ್ಜಿದ ಕ್ಷಣವೇ ಮನೆಯೆಲ್ಲ ಘಾಟು. ಎಸಳಿನಲ್ಲಿ ಪರಸ್ಪರ ತಗಲದಂತೆ ಬೇರೆಬೇರೆ ಗೂಡುಗಳಲ್ಲಿರುವ ಎರಡು ವಸ್ತುಗಳು ಜಜ್ಜಿದಾಗ ಕೂಡಿ ಈ ಘಾಟನ್ನು ಹುಟ್ಟಿಸುವುವು. ಹೀಗೆ ಹುಟ್ಟುವ ಖಾರದ್ರವ್ಯವನ್ನು 1944ರಲ್ಲಿ ಅಮೆರಿಕದ ಕ್ಯಾವಲಿಟೊ, ಬೇಲಿ ಎಂಬ ವಿಜ್ಞಾನಿಗಳು ಪ್ರತ್ಯೇಕಿಸಿ ಅದಕ್ಕೆ ಆಲಿಸಿನ್ ಎಂದು ಹೆಸರಿಟ್ಟರು. ಹೆಚ್ಚಿದ ಬೆಳ್ಳುಳ್ಳಿಗಿಂತ ಅರೆದ ಬೆಳ್ಳುಳ್ಳಿ ಖಾರವಾಗಿರುವುದು ಇದರಿಂದಲೇ. ಜಜ್ಜುವ ಮೊದಲೇ ಇಡಿಯ ಎಸಳಿಗೆ ಬಿಸಿ ತಗುಲಿದರೆ ಆ ಕೂಡಿಕೆ ನಡೆಯದೆ, ಖಾರ ಹೋಗಿ ಸಿಹಿ ಬರುವುದು. ಬಾಣಂತಿಗೆ ತುಪ್ಪದಲ್ಲಿ ಹುರಿದ ಇಡಿಯ ಎಸಳುಗಳನ್ನು ಕೊಡುವ ನಮ್ಮ ಅಜ್ಜಿಯರಿಗೆ ರಸಾಯನ ಶಾಸ್ತ್ರ ತಿಳಿಯದಿದ್ದರೂ ಈ ವ್ಯತ್ಯಾಸ ಚೆನ್ನಾಗಿ ತಿಳಿದಿತ್ತು.

ನೂರು ಗ್ರಾಂ ಬೆಣ್ಣೆಗೆ ನಾಟಿ ಬೆಳ್ಳುಳ್ಳಿಯ ಎಂಟು ಎಸಳು ಸಾಕು. ದೊಡ್ಡ ಜಾತಿಯದಾದರೆ ಮೂರು. ಎಸಳಿನ ನಡುವೆ ಹಸುರು ಮೊಳಕೆಯಿದ್ದರೆ ತೆಗೆದುಹಾಕಿರಿ, ಅದು ಕಹಿ. ಸಪ್ಪೆ ಬೆಣ್ಣೆಯಾದರೆ ಕಾಲು ಚಮಚ ಉಪ್ಪನ್ನು ಎಸಳುಗಳೊಡನೆಯೇ ಒರಳಿಗೆ ಹಾಕಿ ನುಣ್ಣಗೆ ಅರೆದು, ಐದು ನಿಮಿಷ ಹಾಗೆಯೇ ಬಿಟ್ಟು, ಆಮೇಲೆ ಬೆಣ್ಣೆಗೆ ಕಲಸಿರಿ. ಸಣ್ಣಗೆ ಹೆಚ್ಚಿದ ಕೊತ್ತಂಬರಿ ಸೊಪ್ಪು ಒಂದು ದೊಡ್ಡ ಚಮಚ, ಕುಟ್ಟಿದ ಮೆಣಸು ಒಂದು ಚಿಟಿಕೆ. ಫ್ರಾನ್ಸಿನವರು ಪಾರ್ಸ್ಲಿ ಎಂಬ ಸೊಪ್ಪನ್ನು ಹಾಕುವರು. ನಮ್ಮ ಕೊತ್ತಂಬರಿ ಅದಕ್ಕೆ ಯಾವ ಬಗೆಯಲ್ಲಿಯೂ ಕಡಮೆಯಲ್ಲ. ನಾಲ್ಕು ಹನಿ ನಿಂಬೆರಸ ಬೇಕಾದವರು ಹಿಂಡಿಕೊಳ್ಳಬಹುದು. ಹುಳಿ ತಗುಲಿದ ಬೆಳ್ಳುಳ್ಳಿ ಒಮ್ಮೊಮ್ಮೆ ಹಸುರು ನೀಲಿಯಾಗುವುದುಂಟು, ಅದರಿಂದ ಕೇಡಿಲ್ಲ. ಹಸಿಯ ಖಾರವನ್ನು ಒಲ್ಲದ ಮಕ್ಕಳಿಗೆ ಎಸಳುಗಳನ್ನು ಸಿಪ್ಪೆಸಹಿತ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಮೆತ್ತಗಾಗುವವರೆಗೆ ಸುಟ್ಟು, ಸುಲಿದು ಕಿವುಚಿ ಕಲಸಿದರಾಯಿತು.

ಬ್ರೆಡ್ಡನ್ನು ಕಾಯಿಸುವಾಗ ಬರಿಯ ಬದಿಯನ್ನು ಮೊದಲು ಕಾವಲಿಗೆ ಹಾಕಿ ಕೆಂಪಗಾದ ಮೇಲೆ ತಿರುವಿ, ಕಾದ ಬದಿಗೆ ಬೆಣ್ಣೆ ಹಚ್ಚಬೇಕು. ಮೊದಲೇ ಹಚ್ಚಿ ಉರಿಗೆ ಒಡ್ಡಿದರೆ ಬೆಳ್ಳುಳ್ಳಿ ಸೀದು ಕಹಿಯಾಗುವುದು.

ಮೇಲೆ ಹೇಳಿದ ಸಂಗತಿಗೆ ಈಗ ಬರುವೆವು. 1985ರಲ್ಲಿ ಕೆನಡಾದ ವ್ಯಾಂಕೂವರ್ ಪಟ್ಟಣದ ಒಂದು ಉಪಾಹಾರ ಗೃಹದಲ್ಲಿ ಸ್ಯಾಂಡ್‌ವಿಚ್ ತಿಂದವರಲ್ಲಿ 36 ಮಂದಿ ಬಾಟ್ಯುಲಿಸಂ ಎಂಬ ಘೋರವಾದ ವಿಷವ್ಯಾಧಿಗೆ ತುತ್ತಾದರು. ಕಾರಣವನ್ನು ಹುಡುಕುತ್ತ ಹೋದಾಗ ಸಿಕ್ಕಿದುದು, ಸೋಯಾ ಎಣ್ಣೆಯಲ್ಲಿ ಹಾಕಿಟ್ಟ ಹೆಚ್ಚಿದ ಬೆಳ್ಳುಳ್ಳಿಯ ಶೀಶೆ, ತಂಪಿನಲ್ಲಿಡಬೇಕಾದುದನ್ನು ಹೊರಗಿಟ್ಟಿದ್ದರು. 1989ರಲ್ಲಿ ನ್ಯೂಯಾರ್ಕ್ ಪ್ರಾಂತದಲ್ಲಿ ಇಂತಹುದೇ ಶೀಶೆಯಿಂದ ಮೂವರು ಕಾಯಿಲೆ ಬಿದ್ದರು. ಅದಾದ ಮೇಲೆ ಅಂತಹ ಶೀಶೆಗಳಿಗೆ ಹುಳಿಯ ಅಂಶವನ್ನು ಸೇರಿಸಲೇಬೇಕೆಂದು ಅಮೆರಿಕದ ಸರಕಾರ ಆಜ್ಞೆಮಾಡಿತು.

ಈ ರೋಗದ ಸೂಕ್ಷ್ಮ ಬೀಜಗಳು ಮಣ್ಣಿನಲ್ಲಿರುವುವು. ಮಣ್ಣಿನೊಳಗೆ ಬೆಳೆಯುವ ಬೆಳ್ಳುಳ್ಳಿಗೂ ಅಂಟಿಕೊಂಡು ಬರುವುವು. ನೀರನ್ನು ಕುದಿಸಿದ ಮಾತ್ರಕ್ಕೆ ಸಾಯುವಂತಹವಲ್ಲ. ಗಾಳಿ ಆಡುವೆಡೆಯಲ್ಲಿ ಅವು ಸುಮ್ಮನಿರುವುವು. ಗಾಳಿ ತಗುಲದ, ಹುಳಿಯಿಲ್ಲದ, ಬೆಚ್ಚನೆಯ ಎಡೆ ದೊರೆತರೆ ಚಿಗುರಿ ವಿಷವನ್ನು ಕಾರುವುವು. ಎಣ್ಣೆಯಲ್ಲಿಯೋ ಬೆಣ್ಣೆಯಲ್ಲಿಯೋ ಹುದುಗಿದ ಹಸಿಯ ಬೆಳ್ಳುಳ್ಳಿ ಅಂತಹ ಎಡೆಯೇ ಸರಿ. ವಿಷ ಸೇರಿದ ಪದಾರ್ಥದ ಬಣ್ಣವಾಗಲಿ ವಾಸನೆಯಾಗಲಿ ಕೆಡಬೇಕೆಂಬ ನಿಯಮವಿಲ್ಲ. ಆದುದರಿಂದ ಮೂಸಿ ನೋಡಿ ಚೆನ್ನಾಗಿದೆಯೆಂದು ಬಗೆಯುವ ನಮ್ಮ ವಾಡಿಕೆ ಇಲ್ಲಿ ನಡೆಯದು. ತಿಂದವರಿಗೆ ರೆಪ್ಪೆ ಇಳಿಬೀಳುವುದು, ಒಂದು ಎರಡಾಗಿ ಕಾಣುವುದು, ನಾಲಗೆ ತೊದಲುವುದು, ನುಂಗಲಾಗದಿರುವುದು ಮೊದಲಾದ ಚಿಹ್ನೆಗಳು ತೋರಿ, ಕೊನೆಗೆ ಉಸಿರಾಟಕ್ಕೇ ತೊಂದರೆಯಾಗುವುದು. ಇಂತಹ ಚಿಹ್ನೆ ಕಂಡರೆ ಮನೆಮದ್ದಿಗೆ ಕೈಹಾಕದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ಇದನ್ನು ಓದಿ ಹೆದರಿ ಬೆಳ್ಳುಳ್ಳಿ ಬೆಣ್ಣೆಯನ್ನೇ ಬಿಡಬೇಕಾದುದಿಲ್ಲ. ಒಂದು ಹೊತ್ತಿಗೆ ಬೇಕಾದಷ್ಟನ್ನೇ ಕಲಸುವುದು ಎಲ್ಲಕ್ಕಿಂತ ಮೇಲು. ಮಿಕ್ಕುದನ್ನು ಮೇಜಿನ ಮೇಲೆ ಬಿಡದೆ ಫ್ರಿಜ್ಜಿನಲ್ಲಿಟ್ಟು ನಾಲ್ಕು ದಿನಗಳೊಳಗೆ ಮುಗಿಸಬೇಕು. ಸುಟ್ಟ ಬೆಳ್ಳುಳ್ಳಿಯದಕ್ಕೂ ಇದೇ ನಿಯಮ. ನಾಲ್ಕು ಹನಿ ನಿಂಬೆರಸ ಹಾಕಿದೆವೆಂದು ಮೈಮರೆಯಬಾರದು. ರುಚಿಗೆ ಹಾಕಿದ ಹುಳಿ ಕಾಪಿಗೆ ಸಾಲದು. ವಿದ್ಯುತ್ತು ಕೈಕೊಟ್ಟು ಫ್ರಿಜ್ಜು ಇಡೀ ದಿನ ಬೆಚ್ಚಗಿದ್ದರೆ ಅದರೊಳಗಿನ ಬೆಳ್ಳುಳ್ಳಿ ಬೆಣ್ಣೆಯನ್ನು ಚೆಲ್ಲಿಬಿಡಿರಿ. ಬೆಣ್ಣೆಯ ಬೆಲೆಯನ್ನು ನೆನೆದರೆ ಕೈ ಏಳದೆಂಬುದನ್ನು ಬಲ್ಲೆವು, ಆದರೂ ಚೆಲ್ಲಿಬಿಡಿರಿ. ನೆಂಟರು ಬರುವರೆಂದು ಹೆಚ್ಚಾಗಿ ಮಾಡುವವರು ಅದನ್ನು ನಿಂಬೆಯ ಗಾತ್ರದ ಉಂಡೆಗಳನ್ನಾಗಿ ಮಾಡಿ, ಬೆಣ್ಣೆಕಾಗದದಲ್ಲಿ ಸುತ್ತಿ, ಮಂಜುಗಟ್ಟುವ ಅರೆಯಲ್ಲಿಟ್ಟರೆ ಎರಡು ತಿಂಗಳು ಬರುವುದು. ಬೇಕಾದಾಗ ಒಂದೊಂದನ್ನೇ ತೆಗೆದುಕೊಳ್ಳಬಹುದು.

ಇಡುವ ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ. ಬೆಣ್ಣೆ ನೆರೆಯ ವಾಸನೆಯನ್ನು ಬೇಗ ಹೀರುವ ಪದಾರ್ಥ. ಮುಚ್ಚಳ ಸಡಿಲವಾದರೆ ನೈವೇದ್ಯಕ್ಕೆಂದು ತೆಗೆದಿಟ್ಟ ಬೆಣ್ಣೆಗೂ ಬೆಳ್ಳುಳ್ಳಿಯ ನಾತ ಹತ್ತಿ, ಬೆಳ್ಳುಳ್ಳಿ ತಿನ್ನದ ಹಿರಿಯರಿರುವ ಮನೆಯಲ್ಲಿ ಸೊಸೆಯ ಮೇಲೆ ಮಾತು ಬಂದೀತು. ಚಾಕು, ಚಮಚಗಳನ್ನೂ ಬೇರೆಯಿಟ್ಟುಕೊಳ್ಳಿರಿ. ಬ್ರೆಡ್ಡು ಮುಗಿದು ಬೆಣ್ಣೆ ಉಳಿದಿದ್ದರೆ ಬಿಸಿ ಜೋಳದ ರೊಟ್ಟಿಯ ಮೇಲಾಗಲಿ, ಬೇಯಿಸಿ ಸುಲಿದ ಆಲೂಗಡ್ಡೆಯ ಮೇಲಾಗಲಿ ಒಂದು ಗುಳಿಗೆಯಷ್ಟನ್ನು ಇಟ್ಟು ಕರಗಲು ಬಿಟ್ಟು ತಿನ್ನಬಹುದು.